ಥಿಯೋಡರ್ ಕೋಖರ್: ಗುಣವಾದ ರೋಗಿಗಳನ್ನು ಮತ್ತೆ ಕರೆಸಿದ ವೈದ್ಯ

ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ, ನಿಮ್ಮ ಮನೆಯಲ್ಲಿ ಅಮ್ಮಿಗೋ ಖಾಲಾಗೋ ಥೈರಾಯ್ಡ್ ಆಪರೇಷನ್ ಆಗಿದ್ದರೆ, ರಕ್ತ ಪರೀಕ್ಷೆಯ ರಿಪೋರ್ಟ್ ಓದಿ ಹೇಳುವ ಕೆಲಸ ನಿಮ್ಮದೇ ಆಗಿರುತ್ತದೆ. ಗಾಯ ಮಾಯ್ದ ಮೇಲೂ ಈ ಪರೀಕ್ಷೆ ಏಕೆ ಎಂಬುದು ಕೋಖರ್ ಅವರ ಜೀವನದಿಂದ ತಿಳಿಯುತ್ತದೆ.

ಇವರು 1841ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಜನಿಸಿದರು. 1872ರಲ್ಲಿ ಅಲ್ಲಿಯೇ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದರು. ಅಯೋಡಿನ್ ಕೊರತೆಯಿಂದ ಆ ಬೆಟ್ಟದ ನಾಡಿನಲ್ಲಿ ಗಳಗಂಡ ಬಹಳ. ಆಪರೇಷನ್‌ಗೆ ಒಳಗಾದವರಲ್ಲಿ ಅನೇಕರು ರಕ್ತಸ್ರಾವದಿಂದ, ಕೀವಿನಿಂದ ಸಾಯುತ್ತಿದ್ದರು. ಕೋಖರ್ ಅವಸರಪಡದೆ, ಶುಚಿಯಾಗಿ, ರಕ್ತ ಹರಿಯಗೊಡದೆ ಕೆಲಸ ಮಾಡಿದರು. ರೋಗಿಗಳು ಬದುಕಿದರು.

1874ರಲ್ಲಿ ಅವರು 11 ವರ್ಷದ ಹುಡುಗಿಯೊಬ್ಬಳ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದರು. ಕೆಲವು ವರ್ಷಗಳಲ್ಲಿ ಅವಳ ತಂಗಿ ಅವಳಿಗಿಂತ ಎತ್ತರ ಬೆಳೆದಳು. ಇವಳು ಗಿಡ್ಡಗೆ, ಮುಖ ಊದಿ, ಮಂಕಾಗಿ ಉಳಿದಳು. ಜಿನೀವಾದ ವೈದ್ಯ ರೆವರ್ಡಿನ್ ಕೂಡ 1882ರಲ್ಲಿ ಇಂಥದ್ದೇ ಸಂಗತಿ ತಿಳಿಸಿದರು. ಕೋಖರ್ ತಮ್ಮ ಹಳೆಯ ರೋಗಿಗಳಿಗೆ ಪತ್ರ ಬರೆದು ಕರೆಸಿದರು. ಗ್ರಂಥಿ ಪೂರ್ತಿ ಕಳೆದುಕೊಂಡು ಬಂದ 18 ಜನರಲ್ಲಿ 16 ಮಂದಿ ಹಾಗೆಯೇ ಕುಗ್ಗಿದ್ದರು! ಇದನ್ನು ಮುಚ್ಚಿಡದೆ 1883ರಲ್ಲಿ ಜರ್ಮನ್ ಶಸ್ತ್ರವೈದ್ಯರ ಸಭೆಯಲ್ಲಿ ಹೇಳಿದರು. ಕಾರಣವನ್ನು ಮಾತ್ರ ಮೊದಲು ತಪ್ಪಾಗಿ ತಿಳಿದು, ಉಸಿರಿನ ನಾಳದ ತೊಂದರೆ ಎಂದುಕೊಂಡರು. ಕೊರತೆ ಇದ್ದದ್ದು ಆ ಗ್ರಂಥಿಯ ಹಾರ್ಮೋನಿನದು. 1891ರಲ್ಲಿ ಇಂಗ್ಲೆಂಡಿನ ಮರ್ರೆ ಕುರಿಯ ಥೈರಾಯ್ಡ್ ಸಾರ ಕೊಟ್ಟು ಇಂಥ ರೋಗವನ್ನು ಗುಣಪಡಿಸಿದರು.

ಇಂದು ಆ ಸಾರದ ಜಾಗದಲ್ಲಿ ಥೈರಾಕ್ಸಿನ್ ಮಾತ್ರೆ ಇದೆ. ರಿಪೋರ್ಟಿನ ಟಿಎಸ್‌ಎಚ್ ಎಂಬುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕೊಡುವ ಹುಕುಂ. ರಕ್ತದಲ್ಲಿ ಹಾರ್ಮೋನ್ ಕಡಿಮೆಯಾದರೆ ಹುಕುಂ ಜೋರಾಗುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಆದ್ದರಿಂದ ಟಿಎಸ್‌ಎಚ್ ಏರಿದ್ದರೆ ಸಾಮಾನ್ಯವಾಗಿ ಮಾತ್ರೆ ಸಾಲದೆಂದು ಅರ್ಥ. ಉಲ್ಟಾ ಓದಿ ಮಾತ್ರೆ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ! ಕ್ಯಾನ್ಸರಿಗೆ ಆಪರೇಷನ್ ಆದವರಲ್ಲಿ ವೈದ್ಯರು ಬೇಕೆಂದೇ ಟಿಎಸ್‌ಎಚ್ ಇಳಿಸಿರಬಹುದು. ಡೋಸ್ ಬದಲಾದರೆ 6ರಿಂದ 8 ವಾರ ಬಿಟ್ಟು ಪರೀಕ್ಷೆ. ಅದಕ್ಕೆ ಮುಂಚೆ ಅಂಕಿ ನೆಲೆ ನಿಲ್ಲುವುದಿಲ್ಲ. ಮಾತ್ರೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ರಂಜಾನ್ ರೋಜಾದ ದಿನಗಳಲ್ಲಿ ಯಾವ ಹೊತ್ತಿಗೆ ಎಂದು ವೈದ್ಯರನ್ನು ಮೊದಲೇ ಕೇಳಿಡಿ.

ಕೋಖರ್ ಅವರಾದರೋ ಸಾಧಾರಣ ಗಳಗಂಡದಲ್ಲಿ ಗ್ರಂಥಿಯನ್ನು ಪೂರ್ತಿ ತೆಗೆಯುವುದನ್ನೇ ಬಿಟ್ಟರು. 1909ರಲ್ಲಿ ನೊಬೆಲ್ ಬಹುಮಾನ ಬಂತು. ಶಸ್ತ್ರವೈದ್ಯರಿಗೆ ಅದು ಮೊದಲನೆಯದು. 5000ಕ್ಕೂ ಹೆಚ್ಚು ಥೈರಾಯ್ಡ್ ಆಪರೇಷನ್ ಮಾಡಿದ ಅವರನ್ನು 1917ರ ಜುಲೈನಲ್ಲಿ ಒಂದು ಸಂಜೆ ತುರ್ತಾಗಿ ಆಸ್ಪತ್ರೆಗೆ ಕರೆದರು. 75 ದಾಟಿದ ಆ ಮುದುಕ ಹೋಗಿ ಆಪರೇಷನ್ ಮುಗಿಸಿ, ಸುಸ್ತಾಗಿ ಬಂದು ಮಲಗಿದರು. ಜುಲೈ 27ರಂದು ತೀರಿಕೊಂಡರು.