ಟಿ. ಸಿದ್ದಲಿಂಗಯ್ಯನವರು

ನಮ್ಮ ದೊಡ್ಡಬಳ್ಳಾಪುರಕ್ಕೆ ಕೀರ್ತಿ ತಂದ ಮಹನೀಯರಲ್ಲಿ ವಕೀಲ ಟಿ. ಸಿದ್ದಲಿಂಗಯ್ಯನವರು ಪ್ರಮುಖರು. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನೆರೆದಾಗ ಅವರೇ ಅಧ್ಯಕ್ಷರು. ತ್ರಿವರ್ಣ ಧ್ವಜ ಏರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆಯಿತ್ತು. ಕಾನೂನು ಬಲ್ಲ ಅವರು, ಫಲವೇನೆಂದು ತಿಳಿದೇ ಆಜ್ಞೆಯನ್ನು ಮೀರಿ ಬಂಧಿತರಾದರು.

ಮುಂದೆ ಅವರೇ ಮೈಸೂರಿನ ಪ್ರತಿನಿಧಿಗಳಲ್ಲೊಬ್ಬರಾಗಿ ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1949ರ ನವೆಂಬರ್ 26ರಂದು ಅಂಗೀಕೃತವಾದ ಸಂವಿಧಾನದ 19ನೆಯ ವಿಧಿ, ನಿರಾಯುಧರಾಗಿ ಶಾಂತಿಯಿಂದ ಸಭೆ ಸೇರುವುದನ್ನು ಪೌರರ ಹಕ್ಕೆಂದು ಸಾರಿತು. ಸಾರ್ವಜನಿಕ ಶಾಂತಿಗಾಗಿ ಯುಕ್ತ ನಿರ್ಬಂಧ ಹಾಕಲೂ ಅದೇ ವಿಧಿಯಲ್ಲಿ ಅವಕಾಶವಿದೆ. ಹಕ್ಕು ಎಲ್ಲಿ ಮುಗಿಯುತ್ತದೆ, ನಿರ್ಬಂಧ ಎಲ್ಲಿ ಅತಿಯಾಗುತ್ತದೆ? ಇದನ್ನರಿಯಲೆಂದೇ, ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಾನು ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ಸೇರುವ ಸಂಕಲ್ಪ ಮಾಡಿದ್ದೇನೆ.