ಉಚಿತ ಶಾಲೆಗೂ ಒಂದು ಬೆಲೆಯಿದೆ: ಕುದ್ಮುಲ್ ರಂಗರಾಯರ ಪಾಠ

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಯಕ್ಷಗಾನಕ್ಕೋ ನಾಟಕಕ್ಕೋ ಸನ್ಮಾನ ಸಮಾರಂಭಕ್ಕೋ ಅಲ್ಲಿಗೆ ಹೋಗಿಬರುವ ನಮಗೆಲ್ಲ ಆ ಹೆಸರು ಪರಿಚಿತ. ಹೆಸರಿನ ಹಿಂದಿನ ಬದುಕು ಮಾತ್ರ ಅಷ್ಟು ಪರಿಚಿತವಲ್ಲ. ವರ್ಷಕ್ಕೊಮ್ಮೆ ಅವರ ಜಯಂತಿ ಬಂದಾಗ ದಲಿತೋದ್ಧಾರಕ ಎಂಬ ಒಂದೇ ಬಿರುದಿನಲ್ಲಿ ಅವರನ್ನು ನೆನೆದು ಮುಗಿಸುತ್ತೇವೆ. ನಾನು ಅವರನ್ನು ಮೊದಲು ಶಿಕ್ಷಕರೆಂದು ನೆನೆಯುತ್ತೇನೆ. ಬಡವರ ಮಗು ಶಾಲೆಯ ಬಾಗಿಲಿಗೆ ಬರಬೇಕಾದರೆ ಏನೇನು ಕೂಡಿಬರಬೇಕು ಎಂಬುದನ್ನು ಈ ಜಿಲ್ಲೆಯಲ್ಲಿ ಅವರಷ್ಟು ಮೊದಲು, ಅವರಷ್ಟು ಪೂರ್ಣವಾಗಿ ಅರಿತವರು ವಿರಳ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ಮಂಗಳೂರಿಗೆ ಬಂದು ಶಿಕ್ಷಕರಾಗಿ ವೃತ್ತಿಜೀವನ ಆರಂಭಿಸಿದರು. ದುಡಿಯುತ್ತಲೇ ಓದಿ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬಡವರ ವಕೀಲರೆಂದು ಹೆಸರು ಗಳಿಸಿದರು. ಉಳ್ಳಾಲ ರಘುನಾಥಯ್ಯನವರ ಸಹವಾಸ ಅವರನ್ನು ಬ್ರಹ್ಮಸಮಾಜದತ್ತ ಒಯ್ದಿತು. 1870ರಲ್ಲಿ ಮಂಗಳೂರಿನಲ್ಲಿ ನೆಲೆಗೊಂಡ ಆ ಸಮಾಜ ಜಾತಿಭೇದವನ್ನು ಒಪ್ಪುತ್ತಿರಲಿಲ್ಲ. ರಂಗರಾಯರು ಆ ತತ್ತ್ವವನ್ನು ಪ್ರಾರ್ಥನಾ ಮಂದಿರದಿಂದ ಬೀದಿಗೆ ತಂದರು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅವರು ದಲಿತ ಮಕ್ಕಳಿಗಾಗಿ ಮೊದಲ ಪ್ರಾಥಮಿಕ ಶಾಲೆ ತೆರೆದರು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದು ಆಗಲೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಂದಿತ್ತು. ಸಂತ ಅಲೋಶಿಯಸ್ ಕಾಲೇಜು ಆರಂಭವಾಗಿ ಹನ್ನೆರಡು ವರ್ಷಗಳಾಗಿದ್ದವು. ವಿದ್ಯೆಯ ಊರೆಂದು ಹೆಸರಾಗುತ್ತಿದ್ದ ಇದೇ ಪೇಟೆಯಲ್ಲಿ ಅಸ್ಪೃಶ್ಯರ ಮಗು ಇತರರ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳುವುದು ಮಾತ್ರ ಯೋಚನೆಗೂ ನಿಲುಕದ ಸಂಗತಿಯಾಗಿತ್ತು. ರಂಗರಾಯರ ಶಾಲೆಯಲ್ಲಿ ಪಾಠ ಹೇಳಲು ಮೇಲ್ಜಾತಿಯ ಹಿಂದೂ ಶಿಕ್ಷಕರು ಮುಂದೆ ಬರಲಿಲ್ಲ. ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಳ್ಳಬೇಕಾಯಿತು. ವಿರೋಧದ ಕಾರಣ ಶಾಲೆ ಒಂದೇ ಕಡೆ ನಿಲ್ಲಲಾಗಲಿಲ್ಲ. ಒಂದೆಡೆ ಮುಚ್ಚಿದರೆ ಇನ್ನೊಂದೆಡೆ ತೆರೆಯುತ್ತ ಕಂಕನಾಡಿ, ಮುಳಿಹಿತ್ಲು, ಅತ್ತಾವರ, ದೂರದ ಉಡುಪಿಯವರೆಗೂ ಅವರ ಶಾಲೆಗಳು ಹರಡಿದವು.

ಕಟ್ಟಡ ಮತ್ತು ಶಿಕ್ಷಕರು ಸಿಕ್ಕಮೇಲೂ ಮಕ್ಕಳು ಬರಬೇಕಲ್ಲ? ದಿನಗೂಲಿಯಿಂದ ಬದುಕುವ ಮನೆಯಲ್ಲಿ ಏಳೆಂಟು ವರ್ಷದ ಮಗುವೂ ದುಡಿಯುವ ಕೈ. ದನ ಮೇಯಿಸುವುದು, ಸೌದೆ ತರುವುದು, ಎಳೆಯ ಕೂಸನ್ನು ನೋಡಿಕೊಳ್ಳುವುದು, ಇವೆಲ್ಲ ಆ ಮಗುವಿನ ಪಾಲಿನವು. ಅದನ್ನು ಶಾಲೆಗೆ ಕಳುಹಿಸಿದರೆ ಮನೆಯ ಆದಾಯ ಅಂದೇ ಕುಗ್ಗುತ್ತದೆ. ವಿದ್ಯೆಯ ಫಲ ಸಿಗುವುದು ಹತ್ತು ವರ್ಷಗಳ ನಂತರ. ಅರ್ಥಶಾಸ್ತ್ರದಲ್ಲಿ ಇದನ್ನು ಅವಕಾಶ ವೆಚ್ಚ ಎನ್ನುತ್ತೇವೆ: ಒಂದನ್ನು ಪಡೆಯಲು ಬಿಟ್ಟುಕೊಡಬೇಕಾದ ಇನ್ನೊಂದರ ಬೆಲೆ. ರಂಗರಾಯರು ಈ ಲೆಕ್ಕವನ್ನು ಬದುಕಿನಿಂದಲೇ ಕಲಿತಿದ್ದರು. ಶಾಲೆಗೆ ಬಂದ ಮಕ್ಕಳಿಗೆ ಅವರು ಮಧ್ಯಾಹ್ನ ಊಟ ಹಾಕಿಸಿದರು. ಮಕ್ಕಳನ್ನು ಕಳುಹಿಸಿದ ಮನೆಗೆ ದಿನಕ್ಕಿಷ್ಟು ಕಾಸೆಂದು ಕೊಟ್ಟರು. ಅಂದಿನ ಗಣ್ಯರಿಗೆ ಇದು ದಾನವಾಗಿ ಕಂಡಿರಬಹುದು. ನನಗದು ಕುಟುಂಬ ಕಳೆದುಕೊಂಡ ಕೂಲಿಯ ನ್ಯಾಯವಾದ ಭರ್ತಿಯಾಗಿ ಕಾಣುತ್ತದೆ.

ಈ ಮಾತನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಸರಕಾರಿ ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ, ಕರಾವಳಿಯ ಒಂದು ತಾಲೂಕಿನಲ್ಲಿ, ಶಾಲೆ ಬಿಟ್ಟ ಮಕ್ಕಳ ಪಟ್ಟಿಗಳು ನನ್ನ ಮೇಜಿಗೆ ಬರುತ್ತಿದ್ದವು. ಕಾರಣದ ಅಂಕಣದಲ್ಲಿ ಹೆಚ್ಚಾಗಿ ಪೋಷಕರ ನಿರಾಸಕ್ತಿ ಎಂದು ಬರೆದಿರುತ್ತಿತ್ತು. ನಾನು ಪ್ರಶ್ನಿಸದೆ ರುಜು ಹಾಕುತ್ತಿದ್ದೆ. ಒಮ್ಮೆ ಪಟ್ಟಿಯಲ್ಲಿದ್ದ ಒಂದು ಮನೆಗೇ ಹೋಗಬೇಕಾಗಿ ಬಂತು. ಜಗಲಿಯಲ್ಲಿ ತಾಯಿ ಬೀಡಿ ಕಟ್ಟುತ್ತಿದ್ದರು; ಪಕ್ಕದಲ್ಲಿ ಮಗಳು ಎಲೆ ಕತ್ತರಿಸುತ್ತಿದ್ದಳು. ಯಾಕಮ್ಮ ಶಾಲೆ ಬಿಡಿಸಿದಿರಿ ಎಂದು ಕೇಳಿದೆ. ಆಕೆ ಕೋಪಿಸಿಕೊಳ್ಳಲಿಲ್ಲ. ಹುಡುಗಿ ಇಲ್ಲದ ದಿನ ಎಷ್ಟು ಬೀಡಿ ಕಡಿಮೆಯಾಗುತ್ತದೆ, ಬ್ರಾಂಚಿನಲ್ಲಿ ಸಿಗುವ ಮಜೂರಿ ಎಷ್ಟು ಇಳಿಯುತ್ತದೆ, ಅದರಲ್ಲಿ ಎಷ್ಟು ಅಕ್ಕಿ ಬರುತ್ತಿತ್ತು ಎಂದು ಬೆರಳು ಮಡಿಸುತ್ತ ವಿವರಿಸಿದರು. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನನಗೆ ಆ ಲೆಕ್ಕದಲ್ಲಿ ತಪ್ಪು ಹುಡುಕಲಾಗಲಿಲ್ಲ. ನಾನು ನಿರಾಸಕ್ತಿ ಎಂದು ರುಜು ಹಾಕಿದ್ದು ಬಡತನದ ಮೇಲೆ ಎಂಬುದು ಅಂದು ತಿಳಿಯಿತು. ರಂಗರಾಯರ ಜೀವನವನ್ನು ಗಂಭೀರವಾಗಿ ಓದಲು ತೊಡಗಿದ್ದು ಆ ಬಳಿಕ.

ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು. ಅಕ್ಷರ ಕಲಿಸಿದರೆ ಕೆಲಸ ಮುಗಿಯಿತೆಂದು ಅವರು ಎಂದೂ ಭಾವಿಸಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಬಗೆಯ ಹೆಸರಿನ ಸಂಸ್ಥೆ ಆರಂಭಿಸಿದ್ದು 1906ರಲ್ಲಿ, ಅಂದರೆ ಒಂಬತ್ತು ವರ್ಷಗಳ ನಂತರ. ಕೊಡಿಯಾಲಬೈಲಿನ ಶೇಡಿಗುಡ್ಡೆ ಮಿಷನ್ನಿನ ಕೇಂದ್ರವಾಯಿತು. ಅಲ್ಲಿ ನೇಯ್ಗೆ, ಮರಗೆಲಸಗಳನ್ನು ಕಲಿಸಲಾಯಿತು. ಮಕ್ಕಳಿಗೆ ವಸತಿಯ ಏರ್ಪಾಡಾಯಿತು. ಧಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡವನ ಮಗ ಧಣಿಯ ಒಪ್ಪಿಗೆಯಿಲ್ಲದೆ ಶಾಲೆಗೆ ಹೋಗುವುದು ಕಷ್ಟ ಎಂದು ಅರಿತ ರಂಗರಾಯರು, ದಲಿತ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಸ್ವಂತ ನೆಲ ಸಿಗುವಂತೆ ಮಾಡಿದರು. ಶಿವರಾಮ ಕಾರಂತರ ಚೋಮನ ದುಡಿ ಪ್ರಕಟವಾದದ್ದು 1933ರಲ್ಲಿ. ಆ ಕಾದಂಬರಿಯ ಚೋಮ ಕಡೆಯವರೆಗೂ ಬಯಸಿದ ನೆಲದ ಪ್ರಶ್ನೆಗೆ ಇದೇ ಜಿಲ್ಲೆಯಲ್ಲಿ ಒಬ್ಬ ಶಿಕ್ಷಕ ದಶಕಗಳ ಹಿಂದೆಯೇ ಕೈಹಾಕಿದ್ದರು.

ಇದಕ್ಕೆಲ್ಲ ಅವರು ತೆತ್ತ ಬೆಲೆ ಅಲ್ಪವಲ್ಲ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ನೆಂಟರು ದೂರವಾದರು, ಆ ಭಾರವನ್ನು ಮನೆಯವರೂ ಹೊರಬೇಕಾಯಿತು. ಆದರೂ ಅವರ ನಡೆ ನುಡಿಗಳು ಮನೆಯೊಳಗೊಂದು, ಹೊರಗೊಂದು ಆಗಲಿಲ್ಲ. ಮಗಳು ರಾಧಾಬಾಯಿಗೆ ಉನ್ನತ ಶಿಕ್ಷಣ ಕೊಡಿಸಿದರು. ಆಕೆ ಜಾತಿಯ ಗಡಿ ದಾಟಿ ಮದುವೆಯಾದ ಪಿ. ಸುಬ್ಬರಾಯನ್ 1926ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದರು. ರಾಧಾಬಾಯಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆ ಎನಿಸಿದರು.

ಮೇಲ್ಜಾತಿಯ ಸುಧಾರಕರ ಬಗ್ಗೆ ಇಂದು ಕೇಳಿಬರುವ ಆಕ್ಷೇಪವನ್ನು ತಳ್ಳಿಹಾಕಲಾಗದು. ಉದ್ಧಾರ ಎಂಬ ಪದದಲ್ಲೇ ಎತ್ತುವವನು ಮೇಲೆ, ಎತ್ತಿಸಿಕೊಳ್ಳುವವನು ಕೆಳಗೆ ಎಂಬ ಭಾವವಿದೆ. ರಂಗರಾಯರೂ ತಮ್ಮ ಕಾಲದ ಭಾಷೆಯಲ್ಲೇ ಮಾತನಾಡಿದವರು. ಆದರೆ ಅವರ ಗುರಿ ಆ ಭಾಷೆಯನ್ನು ಮೀರಿತ್ತು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರಿಗೆ ಸ್ಥಾನ ಸಿಗಬೇಕೆಂದು ಅವರು ಶ್ರಮಿಸಿದರು. ತಮ್ಮ ಶಾಲೆಯಲ್ಲಿ ಕಲಿತ ಮಗು ಸರಕಾರಿ ಹುದ್ದೆಗೇರಿ ತನ್ನೂರಿನ ರಸ್ತೆಯಲ್ಲಿ ವಾಹನದಲ್ಲಿ ಸಾಗಬೇಕು, ಅದರ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಹಂಬಲವಾಗಿತ್ತು. ಶಿಷ್ಯ ತನಗಿಂತ ಮೇಲೇರಲಿ ಎಂದು ಆಶಿಸಿದ ಗುರುವಿನ ಹಂಬಲವದು.

ಬದುಕಿನ ಕೊನೆಯಲ್ಲಿ ಸಂನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದ ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ಅವರ ಸಮಾಧಿ ಮಂಗಳೂರಿನಲ್ಲೇ ಇದೆ. ಆರು ವರ್ಷಗಳ ಬಳಿಕ, 1934ರ ಫೆಬ್ರವರಿಯಲ್ಲಿ, ಹರಿಜನ ಯಾತ್ರೆಯ ವೇಳೆ ಗಾಂಧೀಜಿ ಮಂಗಳೂರಿಗೆ ಬಂದರು. ಅವರು ದೇಶವನ್ನು ಸುತ್ತಿ ಬೋಧಿಸುತ್ತಿದ್ದ ಕೆಲಸಕ್ಕೆ ಈ ಊರಿನಲ್ಲಿ ಆಗಲೇ ನಾಲ್ಕು ದಶಕಗಳ ಚರಿತ್ರೆಯಿತ್ತು.

ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಆರಂಭವಾಯಿತು. ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಚಿಲಿಂಬಿಯ ಶಾಲೆಯಿಂದ ಇಲ್ಲಿಗೆ ತಲುಪಲು ನಮಗೆ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಶುಲ್ಕವಿಲ್ಲ, ಊಟವಿದೆ, ಪುಸ್ತಕವಿದೆ. ಇಷ್ಟಾದರೂ ಮಕ್ಕಳು ಶಾಲೆ ಬಿಡುವುದು ಪೂರ್ತಿ ನಿಂತಿಲ್ಲ. ವಲಸೆ ಬಂದ ಕಾರ್ಮಿಕರ ಮಗು ಕಟ್ಟಡದ ಕೆಲಸ ಮುಗಿದೊಡನೆ ಊರು ಬದಲಿಸುತ್ತದೆ. ಅಂಥ ಮಗುವಿನ ಹೆಸರು ಪಟ್ಟಿಯಲ್ಲಿ ಬಂದಾಗ ಕಾರಣದ ಅಂಕಣ ತುಂಬುವ ಯುವ ಅಧಿಕಾರಿಗಳಿಗೆ ನನ್ನದೊಂದು ವಿನಂತಿ: ಪೋಷಕರ ನಿರಾಸಕ್ತಿ ಎಂದು ಬರೆಯುವ ಮೊದಲು ಒಮ್ಮೆ ಆ ಮನೆಗೆ ಹೋಗಿ, ಅವರ ಲೆಕ್ಕ ಕೇಳಿ. ಪುರಭವನದ ಮೇಲಿನ ಆ ಹೆಸರಿಗೆ ನಾವು ಸಲ್ಲಿಸಬಹುದಾದ ಗೌರವಗಳಲ್ಲಿ ಅದೂ ಒಂದು.