ಸ್ವಯಂಸೇವಕರನ್ನು ರೂಪಿಸಿದ ವೈದ್ಯ: ಡಾ. ನಾ. ಸು. ಹರ್ಡೀಕರ

ಸ್ವಾತಂತ್ರ್ಯ ಚಳವಳಿಯ ಚರಿತ್ರೆಯನ್ನು ಓದುವಾಗ ವೇದಿಕೆಯ ಮೇಲೆ ನಿಂತು ಮಾತನಾಡಿದವರ ಹೆಸರುಗಳು ಮೊದಲು ಕಣ್ಣಿಗೆ ಬೀಳುತ್ತವೆ. ಆ ವೇದಿಕೆಯ ಸುತ್ತ ಜನಸಂದಣಿಯನ್ನು ನಿಯಂತ್ರಿಸಿದವರು, ನೀರು ಹೊತ್ತವರು, ಬಿದ್ದವರನ್ನು ಎತ್ತಿ ಉಪಚರಿಸಿದವರು ಚರಿತ್ರೆಯಲ್ಲಿ ಬಹುಮಟ್ಟಿಗೆ ಹೆಸರಿಲ್ಲದವರು. ಇಂಥ ಹೆಸರಿಲ್ಲದ ದುಡಿಮೆಗೆ ಶಿಕ್ಷಣ ಬೇಕು, ಶಿಸ್ತು ಬೇಕು, ಒಂದು ಸಂಸ್ಥೆಯ ಆಸರೆ ಬೇಕು ಎಂದು ಮನಗಂಡು ತಮ್ಮ ಆಯುಷ್ಯವನ್ನೇ ಅದಕ್ಕೆ ತೆತ್ತವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ. ಹೆಸರಿನ ಸಾಮ್ಯದಿಂದ ಹಲವರು ಇವರನ್ನು ಹರ್ಡೇಕರ ಮಂಜಪ್ಪನವರೆಂದು ಭ್ರಮಿಸುವುದುಂಟು. ಬನವಾಸಿಯಲ್ಲಿ ಹುಟ್ಟಿ ಆಲಮಟ್ಟಿಯಲ್ಲಿ ವಿದ್ಯಾಲಯ ನಡೆಸಿದ ಮಂಜಪ್ಪನವರು ಬೇರೆ. ಹುಬ್ಬಳ್ಳಿಯಿಂದ ಅಖಿಲ ಭಾರತ ಸೇವಾದಳವನ್ನು ಕಟ್ಟಿದ ಈ ವೈದ್ಯರು ಬೇರೆ.

ಹರ್ಡೀಕರರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ಪುಣೆಯಲ್ಲಿ ವ್ಯಾಸಂಗ ಮಾಡುವ ಕಾಲಕ್ಕೆ ಲೋಕಮಾನ್ಯ ತಿಲಕರ ವಿಚಾರಗಳು ಆ ನಗರದ ಯುವಕರನ್ನು ಆವರಿಸಿದ್ದವು. ಮುಂದೆ ಕಲ್ಕತ್ತೆಯಲ್ಲಿ ವೈದ್ಯಕೀಯ ಶಿಕ್ಷಣ ಮುಗಿಸಿ, ಹೆಚ್ಚಿನ ಅಧ್ಯಯನಕ್ಕಾಗಿ ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ಸಾರ್ವಜನಿಕ ಆರೋಗ್ಯ. ರೋಗಿಯೊಬ್ಬನ ನಾಡಿ ಹಿಡಿಯುವುದಕ್ಕಿಂತ ಒಂದು ಊರಿನ ನೀರು, ಚರಂಡಿ, ಆಹಾರ, ಅಭ್ಯಾಸಗಳನ್ನು ಒಟ್ಟಾಗಿ ನೋಡುವ ಶಾಸ್ತ್ರ ಅದು. ಆ ದೃಷ್ಟಿ ಅವರ ಮುಂದಿನ ಕೆಲಸಗಳಲ್ಲೆಲ್ಲ ಹಾಸುಹೊಕ್ಕಾಯಿತು.

ಅದೇ ವೇಳೆಗೆ ಲಾಲಾ ಲಜಪತರಾಯರು ಅಮೆರಿಕೆಯಲ್ಲಿದ್ದರು. 1917ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಂ ರೂಲ್ ಲೀಗ್ ಸ್ಥಾಪಿಸಿದಾಗ ಹರ್ಡೀಕರರು ಅವರ ನೆಚ್ಚಿನ ಸಹಾಯಕರಾದರು. ದೂರದೇಶದಲ್ಲಿ ಚದುರಿಹೋಗಿದ್ದ ಭಾರತೀಯರನ್ನು ಸಂಪರ್ಕಿಸುವುದು, ಸಭೆಗಳನ್ನು ಏರ್ಪಡಿಸುವುದು, ಪತ್ರವ್ಯವಹಾರ ನಡೆಸುವುದು ಅವರ ಪಾಲಿಗೆ ಬಂದ ಕೆಲಸಗಳು. ಸಂಘಟನೆಯೆಂಬುದು ಉತ್ಸಾಹದಿಂದ ಹುಟ್ಟಿದರೂ ಬಾಳುವುದು ದಿನನಿತ್ಯದ ಶ್ರಮದಿಂದ ಎಂಬ ಪಾಠವನ್ನು ಅವರು ಕಲಿತದ್ದು ಇಲ್ಲಿ. 1921ರಲ್ಲಿ ಸ್ವದೇಶಕ್ಕೆ ಮರಳಿದಾಗ ಅಸಹಕಾರ ಚಳವಳಿ ಉಚ್ಛ್ರಾಯದಲ್ಲಿತ್ತು. ವಿದೇಶಿ ಪದವಿಯುಳ್ಳ ವೈದ್ಯರಿಗೆ ಕೈತುಂಬ ಸಂಪಾದನೆಯ ಮಾರ್ಗ ತೆರೆದಿತ್ತು. ಅವರು ಹುಬ್ಬಳ್ಳಿಯಲ್ಲಿ ನೆಲೆಸಿ ತರುಣರನ್ನು ಕೂಡಿಸುವ ಕೆಲಸವನ್ನು ಹಿಡಿದರು. ಹುಬ್ಬಳ್ಳಿ ಸೇವಾಮಂಡಲ ಹೀಗೆ ರೂಪುಗೊಂಡಿತು.

ಈ ಮಂಡಲದ ಸತ್ತ್ವಪರೀಕ್ಷೆ ನಡೆದದ್ದು ನಾಗಪುರದಲ್ಲಿ. 1923ರಲ್ಲಿ ಅಲ್ಲಿ ಧ್ವಜ ಸತ್ಯಾಗ್ರಹ ಆರಂಭವಾಯಿತು. ನಿಷೇಧವನ್ನು ಮೀರಿ ರಾಷ್ಟ್ರೀಯ ಧ್ವಜವನ್ನು ಹಿಡಿದು ನಡೆಯುವುದು, ಬಂಧನಕ್ಕೆ ಒಳಗಾಗುವುದು ಅದರ ಕ್ರಮ. ದೇಶದ ನಾನಾ ಭಾಗಗಳಿಂದ ಬಂದ ಸ್ವಯಂಸೇವಕರು ಸೆರೆಮನೆಗಳನ್ನು ತುಂಬಿದರು. ಒಳಗಿನ ಬಾಳು ಕಠೋರವಾಗಿತ್ತು. ಅನೇಕರು ಧೈರ್ಯಗುಂದಿ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರ ನೇತೃತ್ವದಲ್ಲಿ ಹೋಗಿದ್ದ ಹುಬ್ಬಳ್ಳಿಯ ತಂಡದವರು ಕ್ಷಮೆ ಕೇಳಲಿಲ್ಲ. ವಿಧಿಸಿದ ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿದರು. ಎಲ್ಲರಲ್ಲಿಯೂ ದೇಶಭಕ್ತಿ ಇತ್ತು. ಆದರೆ ಭಾವಾವೇಶದಲ್ಲಿ ಹೊರಟವನಿಗೂ ಮೊದಲೇ ಸಿದ್ಧನಾಗಿ ಹೊರಟವನಿಗೂ ಇರುವ ಅಂತರವನ್ನು ಸೆರೆಮನೆ ತೋರಿಸಿಕೊಟ್ಟಿತು. ಕಾಂಗ್ರೆಸ್ಸಿನ ಹಿರಿಯರ ಗಮನ ಹುಬ್ಬಳ್ಳಿಯ ಕಡೆಗೆ ಹರಿದದ್ದು ಈ ಕಾರಣದಿಂದ.

ಅದೇ ವರ್ಷದ ಡಿಸೆಂಬರಿನಲ್ಲಿ ಆಂಧ್ರದ ಕಾಕಿನಾಡದಲ್ಲಿ ಮೌಲಾನಾ ಮಹಮದಲಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ದೇಶಕ್ಕೆಲ್ಲ ಒಂದೇ ಸ್ವಯಂಸೇವಕ ಸಂಸ್ಥೆ ಬೇಕೆಂಬ ವಿಚಾರ ಅಲ್ಲಿ ಚರ್ಚೆಗೆ ಬಂತು. ವಿರೋಧವೂ ಹುಟ್ಟಿತು. ಸಮವಸ್ತ್ರ, ಕವಾಯತು, ಆಜ್ಞೆ, ಪಾಲನೆ ಇವೆಲ್ಲ ಸೈನ್ಯದ ಲಕ್ಷಣಗಳು. ಅಹಿಂಸೆಯನ್ನು ವ್ರತವಾಗಿ ಸ್ವೀಕರಿಸಿದ ಚಳವಳಿಗೆ ಇವು ಹೊಂದುತ್ತವೆಯೇ ಎಂಬ ಸಂಶಯ ಹಲವರನ್ನು ಕಾಡಿತು. ಇದು ತಳ್ಳಿಹಾಕುವಂಥ ಸಂಶಯವಾಗಿರಲಿಲ್ಲ. ಚೌರಿಚೌರಾದಲ್ಲಿ ಜನಸಮೂಹ ಕೈಮೀರಿದ್ದರಿಂದ 1922ರಲ್ಲಿ ಗಾಂಧೀಜಿಯವರು ಚಳವಳಿಯನ್ನೇ ನಿಲ್ಲಿಸಿದ್ದರು. ಹರ್ಡೀಕರರ ನಿಲುವು ಆ ಘಟನೆಯಿಂದಲೇ ಬಲ ಪಡೆಯುವಂಥದು: ಶಿಕ್ಷಣವಿಲ್ಲದ ಗುಂಪು ಹಿಂಸೆಗೆ ಬೇಗ ತುತ್ತಾಗುತ್ತದೆ, ಹೊಡೆತ ಬಿದ್ದಾಗಲೂ ಕೈಯೆತ್ತದೆ ನಿಲ್ಲುವುದಕ್ಕೆ ಅಭ್ಯಾಸ ಬೇಕು. ಕೊನೆಗೆ ಹಿಂದುಸ್ತಾನಿ ಸೇವಾದಳ ಸ್ಥಾಪನೆಗೊಂಡಿತು. ಜವಾಹರಲಾಲ ನೆಹರೂ ಅವರು ಅದರ ಮೊದಲ ಅಧ್ಯಕ್ಷರಾದರು; ದುಡಿಮೆಯ ಹೊಣೆ ಹರ್ಡೀಕರರ ಹೆಗಲೇರಿತು. ಅಖಿಲ ಭಾರತ ಸಂಸ್ಥೆಯೊಂದರ ಚಟುವಟಿಕೆಗೆ ಕನ್ನಡನಾಡಿನ ಹುಬ್ಬಳ್ಳಿ ಕೇಂದ್ರವಾಯಿತು.

ಸೇವಾದಳದ ಶಿಬಿರಗಳ ಕ್ರಮ ಸರಳವಾಗಿತ್ತು. ವ್ಯಾಯಾಮ, ಕವಾಯತು, ಪ್ರಥಮ ಚಿಕಿತ್ಸೆ, ನೈರ್ಮಲ್ಯ, ಜನಸಂದಣಿಯ ನಿರ್ವಹಣೆ, ಖಾದಿಯ ಬಳಕೆ ಇವು ಮುಖ್ಯ ಪಾಠಗಳು. ಕವಾಯತಿನ ಆಜ್ಞೆಗಳು ಇಂಗ್ಲಿಷಿನ ಬದಲು ಹಿಂದುಸ್ತಾನಿಯಲ್ಲಿದ್ದವು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಧ್ವಜವಂದನೆ ಮಾಡುವ ಪದ್ಧತಿಯನ್ನು ದಳ ರೂಢಿಗೆ ತಂದಿತು. ಒಂದೇ ದಿನ, ಒಂದೇ ಹೊತ್ತಿಗೆ ಬೇರೆ ಬೇರೆ ಊರುಗಳಲ್ಲಿ ಧ್ವಜ ಏರುವುದೆಂದರೆ ಪ್ರತಿಯೊಂದು ಊರಿನಲ್ಲಿಯೂ ಆ ಹೊಣೆಯನ್ನು ಹೊರಬಲ್ಲ ಒಬ್ಬ ಸ್ಥಳೀಯ ವ್ಯಕ್ತಿ ಇರಬೇಕು. ತರಬೇತಿಯ ಗುರಿಯೂ ಅದೇ. ಶಿಬಿರದಲ್ಲಿ ಕಲಿತವನು ತನ್ನ ಊರಿಗೆ ಮರಳಿ ಮತ್ತೆ ಹತ್ತು ಮಂದಿಗೆ ಕಲಿಸಬೇಕು. ನಾಯಕನು ದೂರದಲ್ಲಿದ್ದರೂ, ಸೆರೆಯಲ್ಲಿದ್ದರೂ ಕೆಲಸ ನಿಲ್ಲಬಾರದು. ಈ ಬೋಧನೆಯನ್ನು ದೇಶದೆಲ್ಲೆಡೆ ತಲುಪಿಸಲು ಹರ್ಡೀಕರರು ಹುಬ್ಬಳ್ಳಿಯಿಂದ ವಾಲಂಟಿಯರ್ ಎಂಬ ಇಂಗ್ಲಿಷ್ ಪತ್ರಿಕೆಯನ್ನು ನಡೆಸಿದರು.

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಅಧಿವೇಶನ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರು ಅದರ ಸಾರಥ್ಯ ವಹಿಸಿದ್ದರು. ಹರ್ಡೀಕರರ ಸ್ವಯಂಸೇವಕರಿಗೆ ಇದು ಸೆರೆಮನೆಗಿಂತ ಭಿನ್ನವಾದ ಪರೀಕ್ಷೆ. ಸಾವಿರಾರು ಜನರ ವಸತಿ, ಊಟ, ನೀರು, ಶೌಚವ್ಯವಸ್ಥೆಗಳು ಕೈಕೆಸರಿನ ಕೆಲಸಗಳು. ಇಲ್ಲಿ ಎದ್ದು ಕಾಣುವ ಮತ್ತೊಂದು ಸಂಗತಿ ಸ್ತ್ರೀಯರ ಪಾತ್ರ. ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯ ಹೊಣೆ ಹೊತ್ತಿದ್ದ ಉಮಾಬಾಯಿ ಕುಂದಾಪುರ ಅವರು ನೂರಕ್ಕೂ ಹೆಚ್ಚು ಮಹಿಳೆಯರನ್ನು ಸ್ವಯಂಸೇವಕಿಯರನ್ನಾಗಿ ಸಿದ್ಧಗೊಳಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಸ್ವತಃ ಎಳೆವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡಿದ್ದ ಉಮಾಬಾಯಿಯವರು ಮನೆಮನೆಗೆ ಹೋಗಿ ಅವರನ್ನು ಹೊರತಂದರು. ನಡುಮನೆಯ ಮೂಲೆಯನ್ನೇ ಲೋಕವೆಂದು ತಿಳಿದಿದ್ದ ಹೆಣ್ಣುಮಕ್ಕಳಿಗೆ ಸಾರ್ವಜನಿಕ ಕೆಲಸವೊಂದು ಒದಗಿದ್ದು ಸಮಾಜದ ಪುನಶ್ಚೇತನದ ದೃಷ್ಟಿಯಿಂದ ಅಧಿವೇಶನದ ನಿರ್ಣಯಗಳಿಗಿಂತ ಕಡಿಮೆಯದೇನಲ್ಲ.

ಇದೇ ಸಂದರ್ಭದಲ್ಲಿ ಬೆಳಗಾವಿಯಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ಆಗ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಬೊಮ್ಮನಹಾಳ್ ಸೀಮೆಯನ್ನೊಳಗೊಂಡ ರಾಯದುರ್ಗ ತಾಲ್ಲೂಕು ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರಲ್ಲಿ ಅದು ಆಂಧ್ರದ ಪಾಲಾಯಿತು. ಅಲ್ಲಿ ಕನ್ನಡ ಇಂದಿಗೂ ಮನೆಮಾತಾಗಿ ಉಳಿದಿದೆ. ಆಡಳಿತದ ಗೆರೆಗಳು ಒಂದು ಭಾಷೆಯ ಜನರನ್ನು ಬೇರ್ಪಡಿಸಿದಾಗ ಅವರನ್ನು ಕೂಡಿಸಬಲ್ಲವರು ಊರೂರಿನ ಕಾರ್ಯಕರ್ತರೇ. ಕಾಕಿನಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದ ಸೇವಾದಳದಲ್ಲಿ ತೆಲುಗುನಾಡು, ಕನ್ನಡನಾಡುಗಳೆರಡರ ಋಣವೂ ಸೇರಿದೆ.

ವೈದ್ಯರಾಗಿ ಅವರ ಸೇವೆಯ ನೆಲೆ ಘಟಪ್ರಭಾ. ಡಾ. ಕೊಕಟನೂರರೊಡನೆ ಕೂಡಿ ಅಲ್ಲಿ ಕಟ್ಟಿದ ಕರ್ನಾಟಕ ಆರೋಗ್ಯಧಾಮ ಗ್ರಾಮೀಣರಿಗೆ ಆಸರೆಯಾಯಿತು. ಮಿಶಿಗನ್ನಿನಲ್ಲಿ ಕಲಿತ ವಿದ್ಯೆ ಬೆಳಗಾವಿ ಜಿಲ್ಲೆಯ ಹಳ್ಳಿಗಾಡಿಗೆ ಸಂದಿತು.

ದಳದ ಮುಂದಿನ ದಾರಿ ಸುಗಮವಾಗಿರಲಿಲ್ಲ. 1931ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿ ಸೇವಾದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಅಂಗವನ್ನಾಗಿ ಅಂಗೀಕರಿಸಿತು. ಇದರಿಂದ ಮನ್ನಣೆ ದೊರೆಯಿತು. ಸ್ವತಂತ್ರವಾಗಿ ನಡೆಯುವ ಅವಕಾಶ ಕುಗ್ಗಿತು. 1932ರಲ್ಲಿ ಸರಕಾರ ಕಾಂಗ್ರೆಸ್ಸಿನೊಡನೆ ದಳವನ್ನೂ ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದರೂ ಸೇವಾದಳದ ಮೇಲಿನದು ಮುಂದುವರಿಯಿತು. ಭಾಷಣ ಮಾಡುವವರಿಗಿಂತ ಊರೂರಲ್ಲಿ ಶಿಸ್ತಿನಿಂದ ಕೆಲಸ ಮಾಡುವವರ ಬಗೆಗೆ ಆಳುವವರಿಗೆ ಹೆಚ್ಚಿನ ಅಂಜಿಕೆ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಸ್ವಾತಂತ್ರ್ಯಾನಂತರ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು. 1975ರ ಆಗಸ್ಟ್ 26ರಂದು, ತಮ್ಮ 86ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಭಾರತ ಸರಕಾರ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರತಂದಿತು.

ಹರ್ಡೀಕರರು ದೊಡ್ಡ ಗ್ರಂಥರಾಶಿಯನ್ನು ಬಿಟ್ಟುಹೋದವರಲ್ಲ. ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಕಾಣುವುದು ಅಪರೂಪ. ಅವರು ಬಿಟ್ಟುಹೋದದ್ದು ಒಂದು ವಿಧಾನ: ಹೊರಗಿನವರು ಬಂದು ಊರನ್ನು ಉದ್ಧರಿಸಲಿ ಎಂದು ಕಾಯದೆ, ಆ ಊರಿನವರನ್ನೇ ಸಿದ್ಧಗೊಳಿಸಿ ಅವರ ಕೈಗೆ ಕೆಲಸವನ್ನು ಒಪ್ಪಿಸುವುದು. ಊರಿನ ಕೆರೆಯ ಹೂಳೆತ್ತುವುದಿರಲಿ, ಗಡಿಭಾಗದ ಶಾಲೆಯಲ್ಲಿ ಕನ್ನಡವನ್ನು ಉಳಿಸಿಕೊಳ್ಳುವುದಿರಲಿ, ಹತ್ತು ಮಂದಿಗೆ ಕಲಿಸಬಲ್ಲ ಒಬ್ಬರು ಅಲ್ಲಿಯೇ ಇದ್ದರೆ ಆ ಕೆಲಸ ಉಳಿಯುತ್ತದೆ.